ಬಿಚ್ಚಲು ಬರುವಂತೆ ಕಟ್ಟಿದವರು

ಜಪಾನಿನ ಹಳೆಯ ಮರದ ಕಟ್ಟಡಗಳಲ್ಲಿ ಎಲ್ಲರ ಕಣ್ಣನ್ನೂ ಮೊದಲು ಸೆಳೆಯುವುದು ಮಾಡು. ಸೂರಿನ ಮೂಲೆಯಲ್ಲಿ ತುಸುವೇ ಮೇಲೆದ್ದ ಆ ದೊಡ್ಡ ಮಾಡನ್ನು ಚಿತ್ರದಲ್ಲಾದರೂ ನೋಡದವರು ಕಡಿಮೆ. ನನಗೆ ಮಾತ್ರ ಅಲ್ಲಿಂದ ಕೆಳಗಿಳಿದು, ಕಂಬ ನೆಲ ಮುಟ್ಟುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ. ಅಲ್ಲಿ ಒಂದು ಕಲ್ಲು ಇರುತ್ತದೆ. ಎಷ್ಟೋ ಕಡೆ ಅದು ಹೊಳೆಯಿಂದಲೋ ಗುಡ್ಡದಿಂದಲೋ ಎತ್ತಿ ತಂದ, ಉಳಿ ತಾಗದ ಕಲ್ಲು. ಮೈಯೆಲ್ಲ ಉಬ್ಬುತಗ್ಗು. ಅದರ ಮೇಲೆ ಕಂಬ ನಿಂತಿದೆ; ಎರಡರ ನಡುವೆ ಒಂದು ಕಾಗದ ತೂರಿಸಲೂ ಸಂದಿಲ್ಲ.

ಕಲ್ಲನ್ನು ಚಪ್ಪಟೆ ಮಾಡಿಕೊಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅಲ್ಲಿನ ಬಡಗಿ ಕಲ್ಲನ್ನು ಇದ್ದ ಹಾಗೇ ಬಿಟ್ಟು ಕಂಬದ ಬುಡವನ್ನು ಅದಕ್ಕೆ ತಕ್ಕಂತೆ ಕೆತ್ತುತ್ತಾನೆ. ಕಂಬವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಎರಡು ಕವಲಿನ ಬಿದಿರಿನ ಸಲಕರಣೆಯೊಂದನ್ನು ಹಿಡಿದು ಸುತ್ತ ಬರುತ್ತಾನೆ. ಒಂದು ಕವಲು ಕಲ್ಲಿನ ಮೈಯನ್ನು ಸವರುತ್ತ ಹೋದರೆ ಮಸಿ ಹಚ್ಚಿದ ಇನ್ನೊಂದು ಕವಲು ಅದೇ ಏರಿಳಿತವನ್ನು ಮರದ ಮೇಲೆ ಬರೆಯುತ್ತ ಹೋಗುತ್ತದೆ. ಆಮೇಲೆ ಕಂಬ ಎತ್ತುವುದು, ಕೆತ್ತುವುದು, ಮತ್ತೆ ಇಳಿಸಿ ನೋಡುವುದು, ಎಲ್ಲಿ ತಾಗುತ್ತಿದೆಯೋ ಅಲ್ಲಿ ಮತ್ತೆ ಕೂದಲೆಳೆಯಷ್ಟು ತೆಗೆಯುವುದು. ಹೀಗೆ ಒಂದೊಂದು ಕಂಬಕ್ಕೂ ಅದರದೇ ಕಲ್ಲು ಸಿಗುತ್ತದೆ. ಅದಲು ಬದಲಾಗುವಂತಿಲ್ಲ.

ಇಷ್ಟೆಲ್ಲ ಮಾಡಿಯೂ ಕಂಬವನ್ನು ಕಲ್ಲಿಗೆ ಬಿಗಿಯುವುದಿಲ್ಲ. ಅದು ಸುಮ್ಮನೆ ಕೂತಿರುತ್ತದೆ. ನೆಲ ಅಲುಗಿದರೆ ಕಂಬ ತನ್ನ ಕಲ್ಲಿನ ಮೇಲೆ ತುಸು ಸರಿಯಬಹುದು, ಎಗರಿ ಮತ್ತೆ ಕೂರಬಹುದು. ಭೂಕಂಪದ ನಾಡಿನಲ್ಲಿ ಬುಡವನ್ನು ಬಿಗಿಯದೆ ಬಿಡುವುದು ಭಂಡ ಧೈರ್ಯದಂತೆ ಕಾಣುತ್ತದೆ. ಆದರೆ ಅದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಬಿಗಿಯದೆ ಕೂರಿಸಿದ್ದನ್ನು ಮುಂದೊಂದು ದಿನ ಎತ್ತಲು ಬರುತ್ತದೆ. ಬುಡ ಕೊಳೆತರೆ ಆ ಕಂಬವನ್ನು ಎತ್ತಿ, ಕೆಟ್ಟದ್ದನ್ನು ಕೊಯ್ದು, ಹೊಸ ಮರ ಕೂಡಿಸಿ ಮತ್ತೆ ಅದೇ ಕಲ್ಲಿನ ಮೇಲೆ ಇಡಬಹುದು. ಈ ಕಟ್ಟಡಗಳ ಬಗ್ಗೆ ಓದುತ್ತ ಹೋದಂತೆಲ್ಲ ನನ್ನ ಮನಸ್ಸು ಮತ್ತೆ ಮತ್ತೆ ಬಂದು ನಿಂತಿದ್ದು ಇಲ್ಲೇ. ಇವನ್ನು ಕಟ್ಟಿದವರು ಕಟ್ಟುವಾಗಲೇ ಬಿಚ್ಚುವವರನ್ನು ನೆನೆದಿದ್ದರು.

ಮೊದಲಿನಿಂದಲೂ ಅಲ್ಲಿ ಹೀಗಿರಲಿಲ್ಲ. ಕಂಬವನ್ನು ನೇರವಾಗಿ ಮಣ್ಣಿನಲ್ಲಿ ಹೂಳುವುದೇ ಅಲ್ಲಿನ ಹಳೆಯ ಪದ್ಧತಿ. ಮಳೆ, ಹಸಿ ಮಣ್ಣು, ಗೆದ್ದಲು ಸೇರಿದ ಆ ನೆಲದಲ್ಲಿ ಹೂತ ಮರ ಕೆಲವು ದಶಕಗಳಲ್ಲೇ ಕೊಳೆಯುತ್ತದೆ. ಬೌದ್ಧಧರ್ಮದ ಜೊತೆಗೆ ಕೊರಿಯಾದ ಬೆಕ್ಜೆ ರಾಜ್ಯದ ಕುಶಲಕರ್ಮಿಗಳು ಬಂದರು. ಜಪಾನಿನ ಮೊದಲ ದೊಡ್ಡ ಬೌದ್ಧ ಮಂದಿರವಾದ ಅಸುಕಾದೇರಾವನ್ನು ಕಟ್ಟಲು 588ರಲ್ಲಿ ಬಡಗಿಗಳೂ ಹೆಂಚು ಮಾಡುವವರೂ ಅಲ್ಲಿಂದ ಬಂದರೆಂದು ಆ ನಾಡಿನ ಹಳೆಯ ಚರಿತ್ರೆ ಹೇಳುತ್ತದೆ. ಭಾರದ ಹೆಂಚಿನ ಮಾಡು, ಅದನ್ನು ಹೊರುವ ದಪ್ಪ ಕಂಬ, ಕಂಬದಡಿಗೆ ಕಲ್ಲು ಎಲ್ಲವೂ ಒಟ್ಟಿಗೇ ಬಂದವು. ಹಳೆಯದೂ ಹೋಗಲಿಲ್ಲ. ಕಂಬ ಹೂಳುವ ಪದ್ಧತಿ ಒಂದು ಕಡೆ ಇಂದಿಗೂ ಉಳಿದಿದೆ, ಅದು ಇಸೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಕಲ್ಲಿನಿಂದ ಮೇಲಕ್ಕೆ ಹೋದರೆ ಕೂಡುಗಳು. ತೊಲೆಗೆ ತೊಲೆಯನ್ನು ಉದ್ದಕ್ಕೆ ಸೇರಿಸುವ ಕೂಡು ಒಂದು ಬಗೆ, ಕಂಬಕ್ಕೆ ತೊಲೆಯನ್ನು ಅಡ್ಡಲಾಗಿ ಸೇರಿಸುವುದು ಇನ್ನೊಂದು. ಹೆಸರು ಪಡೆದ ಕೂಡುಗಳೇ ನೂರಾರು. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಕಾನಾವಾ. ಎರಡು ಮರದ ತುದಿಗಳನ್ನು ತದ್ರೂಪವಾಗಿ ಕೆತ್ತುತ್ತಾರೆ. ಇದು ಗಂಡು, ಇದು ಹೆಣ್ಣು ಎಂಬ ಭೇದವಿಲ್ಲ. ಪಕ್ಕದಿಂದ ಒಂದನ್ನೊಂದು ಸೇರಿಸಿ, ಉದ್ದಕ್ಕೆ ಸರಿಸಿದಾಗ ಎರಡೂ ಕಚ್ಚಿಕೊಳ್ಳುತ್ತವೆ, ನಡುವೆ ಒಂದು ಸಣ್ಣ ಚೌಕ ತೆರೆಯುತ್ತದೆ. ಆ ಚೌಕಕ್ಕೆ ಗಟ್ಟಿಮರದ ಬೆಣೆ ಹೊಡೆದರೆ ಮುಗಿಯಿತು. ಎಳೆದರೂ ಬರುವುದಿಲ್ಲ, ತಿರುಚಿದರೂ ಬರುವುದಿಲ್ಲ. ಬೆಣೆಯನ್ನು ಹೊರಗೆ ತಟ್ಟಿದರೆ ಮಾತ್ರ ಬರುತ್ತದೆ. ಮೇಲಿನ ಮಾಡನ್ನು ಇಳಿಸದೆ, ಕಂಬದ ಕೊಳೆತ ಬುಡವನ್ನಷ್ಟೇ ಕೊಯ್ದು ಹೊಸ ಬುಡ ಕೂಡಿಸಲು ಈ ಕೂಡು ಹೇಳಿ ಮಾಡಿಸಿದ್ದು. ಒಸಾಕಾ ಕೋಟೆಯ ಒತೆಮೊನ್ ಬಾಗಿಲಿನ ಕಂಬವೊಂದಕ್ಕೆ ಹೀಗೆ ಬುಡ ಕೂಡಿಸಿದ್ದಾರೆ. ನಾಲ್ಕೂ ಮಗ್ಗುಲಿನಿಂದ ನೋಡಿದರೂ ಅದು ಸೇರಿದ್ದು ಹೇಗೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ 1983ರಲ್ಲಿ ಎಕ್ಸ್‌ರೇ ತೆಗೆದ ಮೇಲೆ ಒಳಗಿನ ಓರೆ ಜಾಡು ಕಂಡಿತು. ಅದನ್ನು ಕೆತ್ತಿದವನ ಹೆಸರು ಎಲ್ಲೂ ಇಲ್ಲ.

ಜಪಾನಿನ ಬಡಗಿಗಳು ಒಂದೂ ಮೊಳೆ ಬಳಸುತ್ತಿರಲಿಲ್ಲ ಎಂದು ಹೊಗಳುವುದು ವಾಡಿಕೆಯಾಗಿಬಿಟ್ಟಿದೆ. ಅದು ನಿಜವಲ್ಲ. ಹೋರ್ಯೂಜಿ ಎಂಬ ಪ್ರಾಚೀನ ಮಂದಿರದಲ್ಲೂ ಮೊಳೆಗಳಿವೆ. ಜಂತಿಗಳನ್ನು ಹಿಡಿದಿರುವುದು ಕಮ್ಮಾರರು ಬಡಿದು ಮಾಡಿದ, ಗೇಣುದ್ದದ ಕಬ್ಬಿಣದ ಮೊಳೆಗಳೇ. ಸಾವಿರ ವರ್ಷಗಳಾದ ಮೇಲೂ ಅವು ತುಕ್ಕು ತಿಂದುಹೋಗದೆ ಉಳಿದದ್ದು ನೋಡಿ ಮತ್ಸುಯಾಮದ ಕಮ್ಮಾರ ಶಿರಾತಾಕಾ ಯುಕಿನೋರಿ ಅದೇ ಬಗೆಯ ಮೊಳೆಗಳನ್ನು ನಾರಾದ ಯಾಕುಶಿಜಿ ಮಂದಿರಕ್ಕಾಗಿ ಬಡಿದುಕೊಟ್ಟರು. ಕೂಡುಗಳ ಹಿರಿಮೆ ಮೊಳೆ ಇಲ್ಲದಿರುವುದರಲ್ಲಿಲ್ಲ ಎಂದು ನಾನು ತಿಳಿದಿದ್ದೇನೆ. ಬಿಗಿಯಾಗಿ ಹಿಡಿದೂ ಬಿಡಲು ಒಪ್ಪುವ ಗುಣ ಅವುಗಳಲ್ಲಿದೆ, ಅದು ದೊಡ್ಡದು.

ನಾರಾ ಪ್ರಾಂತದ ಇಕಾರುಗಾದಲ್ಲಿರುವ ಹೋರ್ಯೂಜಿ ಜಗತ್ತಿನಲ್ಲೇ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳ ತಾಣ. ಮೊದಲ ಮಂದಿರ 607ರ ಹೊತ್ತಿಗೆ ಆಗಿತ್ತು, 670ರಲ್ಲಿ ಸುಟ್ಟುಹೋಯಿತು. ಈಗ ನಿಂತಿರುವ ಸುವರ್ಣಮಂದಿರ ಮತ್ತು ಐದು ಅಂತಸ್ತಿನ ಪಗೋಡ ಏಳನೇ ಶತಮಾನದ ಕೊನೆ, ಎಂಟನೆಯದರ ಆರಂಭದವು. ಪಗೋಡದ ಎತ್ತರ ಸುಮಾರು 32 ಮೀಟರ್. ಅದರ ನಟ್ಟನಡುವೆ ಬುಡದಿಂದ ತುದಿಯವರೆಗೆ ಹೋಗುವ ಒಂದು ಮಹಾಕಂಬವಿದೆ. ಅದು ಅಂತಸ್ತುಗಳ ಭಾರ ಹೊರುವುದಿಲ್ಲ. ತುದಿಯಲ್ಲಿರುವ ಲೋಹದ ಶಿಖರವನ್ನು ಮಾತ್ರ ಹಿಡಿದಿದೆ. ಆ ಶಿಖರವನ್ನು ಸರಿಯಾಗಿ ನೋಡಿದರೆ ನಮಗೆ ಗುರುತು ಸಿಗುತ್ತದೆ. ಮಗುಚಿದ ಬಟ್ಟಲು, ಅದರ ಮೇಲೆ ಒಂದರ ಮೇಲೊಂದು ಛತ್ರಿಯ ಬಳೆಗಳು. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ನೆಲದಿಂದೆದ್ದ ಸ್ತೂಪದ ಅಂಡವೂ ಛತ್ರವೂ ಚೀನಾ, ಕೊರಿಯಾಗಳನ್ನು ದಾಟಿ ಹೋಗುವಷ್ಟರಲ್ಲಿ ಕಿರಿದಾಗಿ, ಐದು ಮಾಡುಗಳ ನೆತ್ತಿಗೆ ಏರಿ ಕೂತಿವೆ. ಅಸ್ಥಿಧಾತು ಮಾತ್ರ ಹಳೆಯ ಕ್ರಮದಂತೆ ಕೆಳಗೇ, ಕಂಬದ ಅಡಿಗಲ್ಲಿನಲ್ಲಿ ಉಳಿಯಿತು. ಹೋರ್ಯೂಜಿಯಲ್ಲಿ ಆ ಅಡಿಗಲ್ಲು ನೆಲದಿಂದ ಸುಮಾರು 3 ಮೀಟರ್ ಆಳದಲ್ಲಿದೆ. ಮಹಾಕಂಬವನ್ನು ಹಳೆಯ ಪದ್ಧತಿಯಂತೆ ಹೂತಿದ್ದರು. 1926ರಲ್ಲಿ ನೋಡಿದಾಗ ಹೂತ ಭಾಗ ಕೊಳೆತುಹೋಗಿ ಕೆಳಗೆ ಬರಿಯ ಪೊಳ್ಳು ಉಳಿದಿತ್ತು.

ಈ ಕಂಬದ ವಯಸ್ಸಿನ ವಿಚಾರ ಇನ್ನೂ ಸೋಜಿಗದ್ದು. 2001ರಲ್ಲಿ ಅದರ ಬೆಳವಣಿಗೆಯ ಉಂಗುರಗಳನ್ನು ಎಣಿಸಿದ ನಾರಾದ ಸಂಶೋಧಕರು ಆ ಮರವನ್ನು 594ರಲ್ಲಿ ಕಡಿದದ್ದೆಂದು ಪ್ರಕಟಿಸಿದರು. ಪಗೋಡ ಎದ್ದದ್ದು ಅದಕ್ಕಿಂತ ನೂರು ವರ್ಷದಷ್ಟು ಆಮೇಲೆ. ಮರವನ್ನು ಕಾದಿಟ್ಟಿದ್ದರೇ, ಬೇರೆ ಯಾವುದೋ ಕಟ್ಟಡದಿಂದ ಬಿಚ್ಚಿ ತಂದರೇ ಎಂಬುದರ ಮೇಲೆ ವಿದ್ವಾಂಸರ ವಾದ ನಡೆದೇ ಇದೆ. ಬಿಚ್ಚಿ ತಂದದ್ದೇ ಇರಬೇಕೆಂದು ನನ್ನ ಮನಸ್ಸು ವಾಲುತ್ತದೆ. ಅದು ಪುರಾವೆಯ ಮಾತಲ್ಲ, ನನ್ನ ಆಸೆ.

ಹೋರ್ಯೂಜಿಯ ದೊಡ್ಡ ದುರಸ್ತಿ 1934ರಲ್ಲಿ ಶುರುವಾಯಿತು. ದುರಸ್ತಿ ಎಂದರೆ ಅಲ್ಲಿ ಪೂರ್ತಿ ಬಿಚ್ಚುವುದು. ಹೆಂಚು ಇಳಿಸಿ, ಜಂತಿ ಇಳಿಸಿ, ತೊಲೆ, ಬೋದಿಗೆ, ಕಂಬ ಎಲ್ಲವನ್ನೂ ಕಳಚಿ ಗುರುತು ಹಾಕಿ ಸಾಲಾಗಿ ಮಲಗಿಸುತ್ತಾರೆ. ಪ್ರತಿಯೊಂದು ತುಂಡಿನ ನಕ್ಷೆ ತೆಗೆಯುತ್ತಾರೆ. ಚೆನ್ನಾಗಿರುವುದು ಹಾಗೇ ಹಿಂದಿರುಗುತ್ತದೆ. ಅಂಗೈಯಷ್ಟು ಕೊಳೆತಿದ್ದರೆ ಅಂಗೈಯಷ್ಟನ್ನೇ ತೆಗೆದು, ಅದೇ ಜಾತಿಯ ಮರವನ್ನು ಅದೇ ಎಳೆಯ ದಿಕ್ಕಿನಲ್ಲಿ ಕೂಡಿಸುತ್ತಾರೆ. ಪೂರ್ತಿ ಹೊಸ ತುಂಡು ಹಾಕಬೇಕಾದರೆ ಅದರ ಮೇಲೆ ಕಾಯಿಸಿದ ಕಬ್ಬಿಣದ ಮುದ್ರೆಯಿಂದ ಆ ವರ್ಷವನ್ನು ಒತ್ತುತ್ತಾರೆ. ಮುಂದೆ ಬಿಚ್ಚುವವನಿಗೆ ಯಾವುದು ಹಳತು, ಯಾವುದು ನಂತರದ್ದು ಎಂದು ಮೋಸವಾಗಬಾರದು. ಆ ಮುದ್ರೆ ಸಾಮಾನ್ಯವಾಗಿ ಕೂಡಿನ ಒಳಗೋ ಮರೆಯ ಮಗ್ಗುಲಿನಲ್ಲೋ ಇರುವುದರಿಂದ ಮಂದಿರಕ್ಕೆ ಬಂದವರಿಗೆ ಕಾಣದು. ಅದನ್ನು ಓದುವವನು ಬರುವುದು ಇನ್ನೆರಡು ಮೂರು ಶತಮಾನ ಕಳೆದ ಮೇಲೆ.

ಹಾಗೆ ಬಿಚ್ಚಿದಾಗ ಹಿಂದಿನವರ ಬರಹಗಳೂ ಸಿಕ್ಕವು. ಚಾವಣಿಯ ಹಲಗೆಗಳ ಮೇಲೆ, ಬಣ್ಣ ಬಳಿದು ಮೇಲಕ್ಕೇರಿಸಿದರೆ ಯಾರಿಗೂ ಕಾಣದ ಕಡೆ, ಏಳೆಂಟನೇ ಶತಮಾನದ ಕೆಲಸಗಾರರು ಬಿಡುವಿನಲ್ಲಿ ಗೀಚಿದ ಮುಖಗಳು, ಚಿತ್ರಗಳು. ಪಗೋಡದ ಒಂದು ಹಲಗೆಯ ಮೇಲೆ ಆ ಕಾಲದಲ್ಲಿ ಅಕ್ಷರ ಕಲಿಯುವವರೆಲ್ಲ ತಿದ್ದುತ್ತಿದ್ದ ಹಾಡಿನ ಮೊದಲ ಅಕ್ಷರಗಳನ್ನು ಯಾರೋ ಬರೆದು ನಿಲ್ಲಿಸಿದ್ದಾರೆ. ಮೇಸ್ತ್ರಿ ಕರೆದಿರಬೇಕು. ಆ ಹಲಗೆ ಮತ್ತೆ ಬೆಳಕಿಗೆ ಬಂದದ್ದು ಸಾವಿರದ ಇನ್ನೂರು ವರ್ಷಗಳಾದ ಮೇಲೆ, ಇನ್ನೊಬ್ಬ ಬಡಗಿಯ ಕೈಯಿಂದ.

ಈ ದುರಸ್ತಿಯ ನಡುವೆಯೇ ಅನಾಹುತವೂ ಆಯಿತು. 1949ರ ಜನವರಿ 26ರ ಬೆಳಗಿನ ಜಾವ ಸುವರ್ಣಮಂದಿರಕ್ಕೆ ಬೆಂಕಿ ಬಿತ್ತು. ಅಜಂತಾದ ಚಿತ್ರಗಳ ಜೊತೆಗೆ ಹೋಲಿಸಿ ಮಾತಾಡುತ್ತಿದ್ದ ಅಲ್ಲಿನ ಗೋಡೆಚಿತ್ರಗಳು ಬಣ್ಣ ಸುಟ್ಟು ಮಸುಕಾದವು. ಆದರೆ ಮೇಲಂತಸ್ತು ಮತ್ತು ಮಾಡು ಆ ಹೊತ್ತಿಗೆ ಅಲ್ಲಿರಲಿಲ್ಲ, ಬಿಚ್ಚಿ ಬೇರೆ ಕಡೆ ಇಟ್ಟಿದ್ದರು. ಬಿಚ್ಚಿದ್ದರಿಂದ ಅಷ್ಟು ಉಳಿಯಿತು. ಸುಟ್ಟು ಕರಿಯಾದ ಕೆಳಗಿನ ಕಂಬ ಗೋಡೆಗಳನ್ನೂ ಅವರು ಎಸೆಯಲಿಲ್ಲ. ಮಂದಿರದ ಆವರಣದ ಉಗ್ರಾಣದಲ್ಲಿ ನಿಂತಿದ್ದ ಹಾಗೆಯೇ ಜೋಡಿಸಿ ಕಾಪಾಡಿದ್ದಾರೆ. ಮರುವರ್ಷವೇ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಯ ಕಾನೂನು ಬಂತು. ಜನವರಿ 26 ಅಲ್ಲಿ ಇಂದಿಗೂ ಪುರಾತನ ಕಟ್ಟಡಗಳನ್ನು ಬೆಂಕಿಯಿಂದ ಕಾಯುವ ದಿನ.

ಹೋರ್ಯೂಜಿಯ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡವರು ನಿಶಿಓಕಾ ತ್ಸುನೆಕಾಜು. 1908ರಲ್ಲಿ ಹುಟ್ಟಿದ ಅವರು ಆ ಮಂದಿರದ ಬಡಗಿಗಳ ಮನೆತನದವರು. ಗುರು ಅವರ ಅಜ್ಜನೇ. ಹುಡುಗನನ್ನು ಕೈಗಾರಿಕಾ ಶಾಲೆಗೆ ಹಾಕೋಣವೆಂದು ತಂದೆಗೆ ಇತ್ತಂತೆ. ಅಜ್ಜ ಹಟ ಹಿಡಿದು ಕೃಷಿ ಶಾಲೆಗೆ ಸೇರಿಸಿದರು. ಮರ ಮಣ್ಣಿನಿಂದ ಹುಟ್ಟುತ್ತದೆ, ಮಣ್ಣು ತಿಳಿಯದವನಿಗೆ ಮರ ಹೇಗೆ ತಿಳಿದೀತು ಎಂಬುದು ಆ ಹಿರಿಯನ ಲೆಕ್ಕ. ಮಂದಿರದ ಬಡಗಿಗಳು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ನಿಯಮಗಳಲ್ಲಿ ಮರವನ್ನು ತುಂಡಾಗಿ ಕೊಳ್ಳಬೇಡ, ಅದು ಬೆಳೆದ ಬೆಟ್ಟವನ್ನೇ ನೋಡಿ ಕೊಳ್ಳು ಎಂಬರ್ಥದ್ದೊಂದು ಇದೆ. ಬೆಟ್ಟದ ಬಡಗಣ ಮಗ್ಗುಲಲ್ಲಿ ಬೆಳೆದದ್ದನ್ನು ಕಟ್ಟಡದ ಬಡಗಣಕ್ಕೆ, ತೆಂಕಣದ್ದನ್ನು ತೆಂಕಣಕ್ಕೆ ನಿಲ್ಲಿಸು ಎನ್ನುವುದೂ ಇದೆ. ಗಾಳಿಗೆ ಮೈ ಕೊಟ್ಟು ಎಡಕ್ಕೆ ತಿರುಚಿಕೊಂಡ ಮರ ಕಡಿದ ಮೇಲೂ ಎಡಕ್ಕೇ ತಿರುಚಿಕೊಳ್ಳಲು ನೋಡುತ್ತದೆ. ಅದರ ಎದುರಿಗೆ ಬಲಕ್ಕೆ ತಿರುಚುವುದನ್ನು ಇಟ್ಟರೆ ಎರಡೂ ಒಂದನ್ನೊಂದು ತಡೆದು ಕಟ್ಟಡ ಬಿಗಿಯಾಗುತ್ತದೆ. ಗಂಟುಗಂಟಾದ, ಹಟಮಾರಿ ಮರವನ್ನು ತಿರಸ್ಕರಿಸದೆ ಅದಕ್ಕೆ ಒಪ್ಪುವ ಜಾಗ ಹುಡುಕುವುದು ಬಡಗಿಯ ಕೆಲಸ. ಕೆಲಸಗಾರರನ್ನು ಕೂಡಿಸುವುದೂ ಹಾಗೆಯೇ ಎಂಬ ಮಾತು ಆ ನಿಯಮಗಳಲ್ಲಿ ಸೇರಿದೆ.

ಮರ ಎಂದರೆ ಅಲ್ಲಿ ಹಿನೋಕಿ, ಸೈಪ್ರಸ್ ಜಾತಿಯದು. ಎಳೆ ನೆಟ್ಟಗೆ, ಬಣ್ಣ ತಿಳಿ, ಕೆತ್ತಿದರೆ ನಿಂಬೆಯಂಥ ಘಮ. ಕಡಿದ ಮೇಲೆ ಇನ್ನೂರು ವರ್ಷದವರೆಗೂ ಅದರ ಬಲ ಏರುತ್ತ ಹೋಗಿ ಆಮೇಲೆ ನಿಧಾನವಾಗಿ ಇಳಿಯುತ್ತದೆಂದು ಹಳೆಯ ಮಂದಿರಗಳ ಮರವನ್ನು ಪರೀಕ್ಷಿಸಿದ ಕೊಹಾರಾ ಜಿರೋ ತೋರಿಸಿದರು. ಹೋರ್ಯೂಜಿಯ ಕಂಬದ ಮೇಲೊಂದು ಪದರ ಕೆತ್ತಿದರೆ ಇವತ್ತಿಗೂ ಹಿನೋಕಿಯ ವಾಸನೆ ಬರುತ್ತದೆ ಎಂದು ನಿಶಿಓಕಾ ಹೇಳುತ್ತಿದ್ದರು.

ನಾರಾದ ಯಾಕುಶಿಜಿಯ ಮೂಲ ಕಟ್ಟಡಗಳಲ್ಲಿ 730ರ ಮೂಡಣ ಪಗೋಡವೊಂದೇ ಉಳಿದಿತ್ತು. ಸುಟ್ಟುಹೋಗಿದ್ದ ಮುಖ್ಯ ಮಂದಿರವನ್ನೂ ಪಡುವಣ ಪಗೋಡವನ್ನೂ ಮತ್ತೆ ಕಟ್ಟುವ ಹೊಣೆ ನಿಶಿಓಕಾ ಅವರದಾಯಿತು. ಹಣ ಬಂದದ್ದು ದೊಡ್ಡ ದಾನಿಗಳಿಂದಲ್ಲ; ಪ್ರಜ್ಞಾಪಾರಮಿತಾ ಹೃದಯಸೂತ್ರವನ್ನು ಕೈಯಾರೆ ಬರೆದು ಕಾಣಿಕೆಯೊಡನೆ ಒಪ್ಪಿಸಿದ ಸಾಮಾನ್ಯ ಜನರಿಂದ. ಅಂಥ ಹತ್ತು ಲಕ್ಷ ಪ್ರತಿಗಳು ಸೇರಿದವು. ಮಂದಿರ 1976ರಲ್ಲಿ, ಪಗೋಡ 1981ರಲ್ಲಿ ಮುಗಿದವು. ಅಷ್ಟು ದೊಡ್ಡ ಹಿನೋಕಿ ಜಪಾನಿನಲ್ಲಿ ಉಳಿದಿರಲಿಲ್ಲ, ತೈವಾನಿನ ಬೆಟ್ಟಗಳಿಂದ ತಂದರು. ಮಂದಿರದ ಒಳಗೆ ಮೂರ್ತಿಗಳನ್ನು ಬೆಂಕಿಯಿಂದ ಕಾಯಲು ಕಾಂಕ್ರೀಟಿನ ಒಳಕೋಣೆ ಬೇಕೆಂದು ತಜ್ಞರು ಪಟ್ಟು ಹಿಡಿದರು. ಸಾವಿರ ವರ್ಷ ಬಾಳುವ ಮರದೊಳಗೆ ನೂರು ವರ್ಷದ ಸಾಮಗ್ರಿಯನ್ನು ಇಡಬೇಡಿ ಎಂದು ನಿಶಿಓಕಾ ವಾದಿಸಿದರು, ಸೋತರು. ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ 1949ರ ಬೆಂಕಿಯನ್ನು ಕಂಡಿದ್ದ ತಲೆಮಾರು ಹೆದರಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗುವುದಿಲ್ಲ.

ಆ ಪಡುವಣ ಪಗೋಡ ಅದರ ಪಕ್ಕದ ಹಳೆಯ ಪಗೋಡಕ್ಕಿಂತ ಸುಮಾರು ಒಂದು ಅಡಿ ಎತ್ತರ. ಹೊಸ ಮರ ಒಣಗುತ್ತದೆ, ಸಾವಿರಾರು ಕೂಡುಗಳು ಮಾಡಿನ ಭಾರಕ್ಕೆ ಒತ್ತಿಕೊಳ್ಳುತ್ತವೆ, ಕಟ್ಟಡ ತಗ್ಗುತ್ತದೆ. ಹಲವು ಶತಮಾನ ಕಳೆದ ಮೇಲೆ ಎರಡೂ ಸರಿಸಮವಾಗಲಿ ಎಂದು ಬೇಕೆಂದೇ ಹಾಗೆ ಎತ್ತರಿಸಿದರು. ಈ ಒಂದು ಅಡಿಯ ಲೆಕ್ಕ ನನ್ನನ್ನು ತುಂಬ ದಿನ ಕಾಡಿದೆ. ನಿಶಿಓಕಾ 1995ರಲ್ಲಿ ತೀರಿಕೊಂಡರು. ಕಟ್ಟುವಾಗಲೇ ತನ್ನ ಕಣ್ಣಿಗೆ ಸರಿ ಕಾಣದ ಹಾಗೆ ಕಟ್ಟಲು ಎಷ್ಟು ನಿಶ್ಚಿಂತೆ ಬೇಕು!

ಈ ಮಹಾಮಂದಿರಗಳ ಪಕ್ಕದಲ್ಲಿ ಒಂದು ಪುಟ್ಟ ಗುಡಿಸಲನ್ನೂ ಇಟ್ಟು ನೋಡಬೇಕು. ಕಾಮೋ ನೋ ಚೋಮೆಯ್ ಎಂಬ ಕವಿ 1212ರಲ್ಲಿ ಬರೆದ 'ಹೋಜೋಕಿ'ಯಲ್ಲಿ ಅದರ ವಿವರವಿದೆ. ಕ್ಯೋಟೊ ನಗರವನ್ನು 1177ರ ಬೆಂಕಿ ನುಂಗಿದ್ದನ್ನು, ಸುಂಟರಗಾಳಿ ಮನೆಗಳ ಮಾಡನ್ನು ಎಲೆಗಳಂತೆ ತೂರಿದ್ದನ್ನು, ಬರಗಾಲದ ಹೆಣಗಳನ್ನು, 1185ರ ಭೂಕಂಪವನ್ನು ಕಂಡವನು ಆತ. ಅರವತ್ತರ ಅಂಚಿನಲ್ಲಿ ಎಲ್ಲ ಬಿಟ್ಟು ಬೆಟ್ಟ ಸೇರಿ ಒಂದು ಮನೆ ಮಾಡಿಕೊಂಡ: ಸುಮಾರು ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರ ಏಳಡಿಯೊಳಗೆ. ಕೂಡುಗಳಿಗೆಲ್ಲ ಲೋಹದ ಕೊಂಡಿಗಳನ್ನು ಹಾಕಿದ. ಮನಸ್ಸಿಗೆ ಹಿಡಿಸದಿದ್ದರೆ ಕಳಚಿ ಬೇರೆ ಕಡೆಗೆ ಒಯ್ಯಬಹುದು. ಪೂರ್ತಿ ಮನೆ ಎರಡು ಬಂಡಿಯ ಹೇರು. ಗಾಡಿಯವನ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ ಎಂದೂ ಲೆಕ್ಕ ಹಾಕಿಟ್ಟಿದ್ದಾನೆ. ಹೋರ್ಯೂಜಿಯ ಬಡಗಿ ಬಿಚ್ಚಲು ಬರುವಂತೆ ಕಟ್ಟಿದ್ದು ಕಟ್ಟಡ ಉಳಿಯಲೆಂದು. ಚೋಮೆಯ್ ಹಾಗೆ ಕಟ್ಟಿದ್ದು ಯಾವುದೂ ಉಳಿಯುವುದಿಲ್ಲವೆಂದು ತಿಳಿದು. ಉದ್ದೇಶ ಬೇರೆ ಬೇರೆ. ಕೈಕೆಲಸ ಒಂದೇ ಮನೆತನದ್ದು.

ಸಾಮಾನ್ಯರ ಮನೆಗಳೂ ಈ ಗುಣವನ್ನು ತಮ್ಮ ಅಳತೆಗೆ ಒಗ್ಗಿಸಿಕೊಂಡವು. ಭಾರವನ್ನೆಲ್ಲ ಕಂಬಗಳು ಹೊರುವುದರಿಂದ ಗೋಡೆ ಎನ್ನುವುದು ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ವಸ್ತುವಾಯಿತು. ದಪ್ಪ ಕಾಗದ ಅಂಟಿಸಿದ ಫುಸುಮಾಗಳನ್ನು ಎರಡು ಕೋಣೆಗಳ ನಡುವಿನ ಜಾಡಿನಿಂದ ಎತ್ತಿ ತೆಗೆದರೆ ಮದುವೆಗೋ ತಿಥಿಗೋ ಬೇಕಾದ ದೊಡ್ಡ ಪಡಸಾಲೆ ಸಿಗುತ್ತದೆ. ಕ್ಯೋಟೊದ ಹಳೆಯ ಮನೆಗಳಲ್ಲಿ ಬೇಸಗೆ ಬರುತ್ತಲೇ ಕಾಗದದ ಬಾಗಿಲುಗಳನ್ನು ಒಳಗಿಟ್ಟು, ಜೊಂಡು ಹೆಣೆದ ಗಾಳಿಯಾಡುವ ಬಾಗಿಲುಗಳನ್ನು ಏರಿಸುತ್ತಾರೆ. ಹೊರಗಿನ ಬೆಳಕನ್ನು ಸೋಸಿ ಒಳಗೆ ಬಿಡುವ ಶೋಜಿಯ ತೆಳುಗಾಗದವನ್ನು ವರ್ಷದ ಕೊನೆಗೆ ತೋಯಿಸಿ ಕಿತ್ತು ಹೊಸದು ಅಂಟಿಸುವುದು ಮನೆಮಂದಿಯ ಕೆಲಸ. ಮಕ್ಕಳ ಬೆರಳು ತಾಗಿ ನಡುವೆ ತೂತಾದರೆ ಹೂವಿನ ಆಕಾರಕ್ಕೆ ಕತ್ತರಿಸಿದ ಕಾಗದದ ತುಂಡೊಂದನ್ನು ಅಲ್ಲಿ ಅಂಟಿಸುತ್ತಾರೆ. ತತಾಮಿ ಚಾಪೆ ಕೆಲವು ವರ್ಷ ಸವೆದ ಮೇಲೆ ಅದರ ಮೇಲ್ಹೊದಿಕೆಯನ್ನು ಬಿಚ್ಚಿ ಮಗುಚಿ ಹೊಲಿಯುತ್ತಾರೆ. ಆ ಮೈಯೂ ಸವೆದರೆ ಹೊಸ ಹೊದಿಕೆ. ಒಳಗಿನ ಹುಲ್ಲಿನ ದಪ್ಪ ಹಾಸು ಬದಲಾಗುವುದು ಬಹಳ ತಡವಾಗಿ.

ಮನೆಗೂ ತೋಟಕ್ಕೂ ನಡುವೆ, ಸೂರಿನ ನೆರಳಲ್ಲಿ ಓಡುವ ಹಲಗೆಯ ಅಂಚು ಎಂಗಾವಾ. ನಮ್ಮ ಹಳ್ಳಿಮನೆಗಳ ಜಗಲಿಯ ಹಾಗೆ, ಬಂದವರು ಚಪ್ಪಲಿ ಬಿಡದೆ ಅಂಚಿಗೆ ಕೂತು ನಾಲ್ಕು ಮಾತಾಡಿ ಹೋಗಬಹುದಾದ ಜಾಗ ಅದು. ಒಳಗೆ ಕರೆಯಬೇಕೋ ಬೇಡವೋ ಎಂಬ ಮುಜುಗರ ಇಬ್ಬರಿಗೂ ಇರುವುದಿಲ್ಲ.

ಒಸಾಕಾದಲ್ಲಿ ಹಿಂದೆ ಬಾಡಿಗೆ ಮನೆಗಳನ್ನು ಬರಿಮೈಯಲ್ಲಿ ಕೊಡುವ ರೂಢಿಯಿತ್ತು. ಮನೆಯೊಡೆಯ ಕೊಡುವುದು ಕಂಬ, ಮಾಡು, ಹೊರಗೋಡೆ ಇಷ್ಟನ್ನೇ. ತತಾಮಿ, ಫುಸುಮಾ, ಶೋಜಿಗಳೆಲ್ಲ ಬಾಡಿಗೆದಾರನವು. ಮನೆ ಬಿಡುವಾಗ ಎತ್ತಿಕೊಂಡು ಹೋಗಿ ಮುಂದಿನ ಮನೆಯಲ್ಲಿ ಹಾಸಿಕೊಳ್ಳುತ್ತಿದ್ದ. ಅವು ಅಲ್ಲಿಯೂ ಸರಿಯಾಗಿ ಕೂರುತ್ತಿದ್ದವು. ಆ ಸೀಮೆಯಲ್ಲಿ ಮೊದಲು ತತಾಮಿಯ ಅಳತೆ, ಉದ್ದ ಸುಮಾರು 191 ಸೆಂಟಿಮೀಟರ್, ಅಗಲ ಅದರ ಅರ್ಧ. ಕಂಬಗಳ ಜಾಗವನ್ನು ಗೊತ್ತುಮಾಡುವುದು ಆಮೇಲೆ. ಊರಿನ ಬಡಗಿಗಳೆಲ್ಲ ಒಂದೇ ಅಳತೆಗೆ ಒಪ್ಪಿದ್ದರಿಂದ ಬಡ ಬಾಡಿಗೆದಾರನ ಚಾಪೆ ಹಾಳಾಗದೆ ಉಳಿಯಿತು. ದೊಡ್ಡ ಮಂದಿರಗಳಿಗಿಂತ ಇದನ್ನು ನೆನೆದಾಗ ನನಗೆ ಹೆಚ್ಚು ಸಂತೋಷವಾಗುತ್ತದೆ.

ಇದರಲ್ಲಿ ಎಲ್ಲವೂ ಹಿತವಾದದ್ದೇ ಅಲ್ಲ. ಕಾಗದದ ಬಾಗಿಲಿನ ಮನೆಗಳ ಚಳಿಗಾಲ ಕಠೋರ. 1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಜನ ಕುಸಿದ ಮನೆಗಳಡಿ ಸಿಕ್ಕವರು, ಆ ಮನೆಗಳಲ್ಲಿ ಹೆಚ್ಚಿನವು ಭಾರದ ಹೆಂಚಿನ ಹಳೆಯ ಮರದ ಮನೆಗಳು. ಎಷ್ಟೋ ಕಂಬಗಳ ಬುಡ ಗೆದ್ದಲು ತಿಂದು, ಕೊಳೆತು, ಯಾರೂ ನೋಡದೆ ಬಿಟ್ಟವಾಗಿದ್ದವು. ಬಿಚ್ಚಿ ನೋಡುವವರು ಇದ್ದಾಗಲೇ ಬಿಚ್ಚಲು ಬರುವ ಕಟ್ಟಡಕ್ಕೆ ಆಯುಷ್ಯ. ಕಾಡಿನ ಕಥೆಯೂ ಅಷ್ಟೇ ಕಹಿ. ಕೋಟೆ, ಮಂದಿರ, ನಗರಗಳಿಗೆಂದು ಕಡಿದು ಕಡಿದು ಕಿಸೋ ಕಣಿವೆ ಬೋಳಾಗುತ್ತ ಬಂದಾಗ ಅಲ್ಲಿನ ಒವಾರಿ ಪ್ರಭುಗಳು ಹಿನೋಕಿಯೂ ಸೇರಿ ಐದು ಜಾತಿಯ ಮರಗಳನ್ನು ಕಡಿಯದಂತೆ ಕಟ್ಟಳೆ ಮಾಡಿದರು. ಒಂದು ಹಿನೋಕಿಗೆ ಒಂದು ತಲೆ ಎಂಬ ಮಾತು ಆ ಕಣಿವೆಯಲ್ಲಿ ಉಳಿದಿದೆ. ಇಂದು ಅಲ್ಲಿ ನಿಂತಿರುವ ಮುನ್ನೂರು ವರ್ಷದ ಮರಗಳ ಹಿಂದೆ ಆ ಕಣಿವೆಯ ಬಡವರ ಭಯವೂ ನಿಂತಿದೆ. ಆ ಕಾಡನ್ನು ಹೊಗಳುವಾಗ ಇದನ್ನು ಬಿಟ್ಟು ಮಾತಾಡಬಾರದು.

ಆ ಕಿಸೋದ ಮರಗಳು ಹೋಗುವುದು ಇಸೆಗೆ. ಇಸೆಯ ದೇವಾಲಯಗಳಲ್ಲಿ ಕಂಬಗಳನ್ನು ಇಂದಿಗೂ ನೇರ ಮಣ್ಣಿಗೆ ಹೂಳುತ್ತಾರೆ, ಮಾಡಿಗೆ ಹುಲ್ಲು ಹೊದಿಸುತ್ತಾರೆ, ಮರಕ್ಕೆ ಬಣ್ಣ ಬಳಿಯುವುದಿಲ್ಲ. ಉಳಿಯಲು ಬೇಕಾದ ಉಪಾಯಗಳೆಲ್ಲ ಗೊತ್ತಿದ್ದೂ ಅವನ್ನು ಬಳಸದ ಕಟ್ಟಡ ಅದು. ಆದ್ದರಿಂದ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಅದೇ ಅಳತೆಯ ಹೊಸದನ್ನು ಕಟ್ಟಿ, ದೇವತೆಯನ್ನು ರಾತ್ರಿಯ ಕತ್ತಲಲ್ಲಿ ಅಲ್ಲಿಗೆ ಒಯ್ದು, ಹಳೆಯದನ್ನು ಬಿಚ್ಚುತ್ತಾರೆ. ಈ ಕ್ರಮ 690ರಲ್ಲಿ ಆರಂಭವಾಯಿತು. ಹದಿನೈದು ಹದಿನಾರನೇ ಶತಮಾನಗಳ ಒಳಜಗಳದಲ್ಲಿ 120 ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು, ಮತ್ತೆ ಹಿಡಿದುಕೊಂಡರು. 62ನೆಯದು 2013ರಲ್ಲಿ ನಡೆಯಿತು, ಮುಂದಿನದು 2033ಕ್ಕೆ. ಇಪ್ಪತ್ತರ ಹರೆಯದಲ್ಲಿ ಕೊಡತಿ ಹಿಡಿದು ನಿಂತ ಹುಡುಗ ನಲವತ್ತರಲ್ಲಿ ತಾನೇ ಕೆಲಸ ನಡೆಸುತ್ತಾನೆ, ಅರವತ್ತರಲ್ಲಿ ನೋಡಿ ತಿದ್ದುತ್ತಾನೆ.

ಬಿಚ್ಚಿದ ಮರ ವ್ಯರ್ಥವಾಗುವುದಿಲ್ಲ. ಮಾಡಿನ ಬೆನ್ನುತೊಲೆಯನ್ನು ಹೊತ್ತ ದೊಡ್ಡ ಕಂಬಗಳನ್ನು ಮತ್ತೆ ಕೆತ್ತಿ ಇಸೆಯ ಉಜಿ ಸೇತುವೆಯ ಎರಡು ತುದಿಗೆ ತೋರಿ ಎಂಬ ಪವಿತ್ರ ಹೆಬ್ಬಾಗಿಲುಗಳಾಗಿ ನಿಲ್ಲಿಸುತ್ತಾರೆ. ಅಲ್ಲಿ 20 ವರ್ಷ ಮಳೆ ಬಿಸಿಲು ಕಂಡ ಮೇಲೆ ಹಳೆಯ ಯಾತ್ರೆಯ ದಾರಿಯಲ್ಲಿರುವ ಕುವಾನಾ ಮತ್ತು ಸೆಕಿ ಎಂಬ ಊರುಗಳಿಗೆ ಹೋಗಿ ಅಲ್ಲಿಯೂ 20 ವರ್ಷ ತೋರಿಗಳಾಗಿ ನಿಲ್ಲುತ್ತವೆ. ಉಳಿದ ಮರ ನಾಡಿನ ಬೇರೆ ಬೇರೆ ದೇವಾಲಯಗಳಿಗೆ ಹಂಚಿಕೆಯಾಗುತ್ತದೆ. 2013ರಲ್ಲಿ ಬಿಚ್ಚಿದ್ದರಲ್ಲಿ ಒಂದು ಪಾಲು, 2011ರ ಭೂಕಂಪ ಮತ್ತು ಸುನಾಮಿಯಲ್ಲಿ ಗುಡಿ ಕಳೆದುಕೊಂಡ ಊರುಗಳಿಗೆ ಹೋಯಿತು. ಇಸೆಯ ಹಿಂದಿನ ಬೆಟ್ಟಗಳಲ್ಲಿ 1923ರಿಂದ 200 ವರ್ಷದ ಯೋಜನೆ ಹಾಕಿಕೊಂಡು ಹಿನೋಕಿ ಬೆಳೆಸುತ್ತಿದ್ದಾರೆ. ಮುಂದೆ ಕಂಬವಾಗಲು ತಕ್ಕದ್ದೆಂದು ಕಂಡ ಮರಗಳ ಕಾಂಡಕ್ಕೆ ಬಿಳಿಯ ಪಟ್ಟಿ ಬಳಿದಿದ್ದಾರೆ. ಬಲು ದೊಡ್ಡದಾಗಿ ಬೆಳೆಯಬಹುದಾದ ಮರಕ್ಕೆ ಎರಡು ಪಟ್ಟಿ.

ಇಂಥದ್ದನ್ನು ಹಳೆಯದೆನ್ನಬೇಕೇ, ಹೊಸದೆನ್ನಬೇಕೇ ಎಂಬ ಪ್ರಶ್ನೆ ಕಲ್ಲಿನ ಸ್ಮಾರಕಗಳನ್ನು ಕಾಯುವವರಿಗೆ ಬಹಳ ಕಾಲ ತೊಡಕಾಗಿತ್ತು. ಮೂಲ ವಸ್ತು ಉಳಿದಿದ್ದರೆ ಮಾತ್ರ ಅಸಲು ಎಂಬುದು ಅವರ ಅಳತೆಗೋಲು. 1994ರಲ್ಲಿ ನಾರಾದಲ್ಲಿ ಸೇರಿದ ತಜ್ಞರು ಒಪ್ಪಿದ ದಾಖಲೆ ಆ ಅಳತೆಯನ್ನು ಹಿಗ್ಗಿಸಿತು. ವಸ್ತುವಿನ ಜೊತೆಗೆ ರೂಪ, ಬಳಕೆ, ಕೈಕೆಲಸದ ಪರಂಪರೆ, ಭಾವ ಇವೂ ಸೇರಿ ಒಂದು ಕಟ್ಟಡದ ನಿಜವನ್ನು ಹೇಳಬಹುದು, ಅದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕು ಎಂದಿತು. 2020ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ್ದು ಯಾವ ಕಟ್ಟಡವನ್ನೂ ಅಲ್ಲ. ಬಡಗಿತನ, ಗೋಡೆ ಗಾರೆ, ಹೆಂಚು ಹೊದಿಸುವುದು, ತತಾಮಿ ಹೊಲಿಯುವುದು, ಅರಗು ಬಳಿಯುವುದು ಮುಂತಾದ ಹದಿನೇಳು ಕೈಕೆಲಸಗಳನ್ನು.

ಆ ಹದಿನೇಳರಲ್ಲಿ ಒಂದು ಹಿನೋಕಿಯ ತೊಗಟೆ ಸುಲಿಯುವುದು. ಹಲವು ಪ್ರಾಚೀನ ಮಂದಿರಗಳ ಮಾಡಿಗೆ ಈ ತೊಗಟೆಯನ್ನೇ ಪದರ ಪದರವಾಗಿ ಹೊದಿಸಿ ಬಿದಿರಿನ ಮೊಳೆ ಹೊಡೆಯುತ್ತಾರೆ. ಹೊದಿಸುವವನು ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು ಒಂದೊಂದಾಗಿ ನಾಲಿಗೆಯಿಂದ ಹೊರಗೆ ತಳ್ಳುತ್ತ ಬಡಿಯುತ್ತಾನೆ. ಅಂಥ ಮಾಡು ಮೂವತ್ತು ನಲವತ್ತು ವರ್ಷ ಬಾಳುತ್ತದೆ, ಆಮೇಲೆ ಎಲ್ಲ ತೆಗೆದು ಮತ್ತೆ ಹೊದಿಸಬೇಕು. ತೊಗಟೆಗಾಗಿ ಮರ ಕಡಿಯುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷ ದಾಟಿದ, ನಿಂತಿರುವ ಮರಕ್ಕೆ ಹಗ್ಗ ಕಟ್ಟಿ ಏರುತ್ತ, ಮರದ ಚಪ್ಪಟೆ ಕೋಲನ್ನು ಬುಡದಲ್ಲಿ ತೂರಿಸಿ ಒಳಪದರಕ್ಕೆ ಗಾಯವಾಗದ ಹಾಗೆ ಎಬ್ಬಿಸುತ್ತ ಹೋಗುತ್ತಾರೆ. ಮೊದಲ ಸಲ ಸಿಗುವ ತೊಗಟೆ ಒರಟು, ಒಡಕು, ಮಾಡಿಗೆ ಅಷ್ಟಾಗಿ ಒದಗುವುದಿಲ್ಲ. ಮರವನ್ನು ಬಿಟ್ಟು ಎಂಟು ಹತ್ತು ವರ್ಷ ಕಾದರೆ ಮತ್ತೆ ಹುಟ್ಟುವ ತೊಗಟೆ ನುಣುಪು, ಎಣ್ಣೆಯ ಪಸೆ ಇರುವಂಥದು; ಮಂದಿರಕ್ಕೆ ಬೇಕಾದದ್ದು ಅದು. ಎಂದರೆ ಮೊದಲ ಸಲ ಸುಲಿಯುವವನ ದುಡಿಮೆ ಎರಡನೇ ಸಲ ಬರುವವನಿಗೆ. ಈ ಕೆಲಸ ಬಲ್ಲವರು ಈಗ ಕಡಿಮೆ. ಕಲಿಯಲು ಬಂದ ಹುಡುಗರನ್ನು ಹಿರಿಯರು ಚಳಿಗಾಲದ ಕಾಡಿಗೆ ಕರೆದೊಯ್ದು, ಮೊದಲು ಹಗ್ಗ ಕಟ್ಟುವುದನ್ನು ಕಲಿಸುತ್ತಾರೆ.